ಮೈಸೂರು ವಿವಿಯ ಮೇಷ್ಟ್ರುಗಳು, ಶಿಷ್ಯರು ಬರೆದದ್ದು: ಪ್ರಶಸ್ತಿ ಪಟ್ಟಿಯ ಆಚೆ ಏನೇನಿದೆ?

ಗಂಗೋತ್ರಿಯ ಹಳೇ ವಿದ್ಯಾರ್ಥಿ:

ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. ಅಲ್ಲಿ ಪಾಠ ಮಾಡಿದವರು, ಅಲ್ಲಿ ಓದಿದವರು ಏನೇನು ಬರೆದಿದ್ದಾರೆ ಅಂತ ಯಾರನ್ನೇ ಕೇಳಿ, ಕುವೆಂಪು, ಅನಂತಮೂರ್ತಿ, ಆರ್. ಕೆ. ನಾರಾಯಣ್, ಭೈರಪ್ಪ, ತೇಜಸ್ವಿ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಹೇಳಲೇಬೇಕಾದ ಹೆಸರುಗಳೇ. ಆದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅದು ನನಗೆ ಬೇಸರ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕಾದಂಬರಿಕಾರ ಕಾಲೇಜಿಗೆ ಹೋಗದೆಯೂ ಬರೆಯಬಹುದು. ಶಿವರಾಮ ಕಾರಂತರು ಕಾಲೇಜು ಬಿಟ್ಟು ಬಂದವರೇ ಅಲ್ವಾ? ಆದರೆ ಹಳೆಯ ಕಾವ್ಯವೊಂದರ ಸಂಪಾದನೆ, ನಿಘಂಟು, ವಿಶ್ವಕೋಶ, ಪದ್ಯಗಳಿಗೆ ಅರ್ಥ ಬಿಡಿಸುವ ಟೀಕೆ, ಇವು ಹಾಗೆ ಆಗುವುದಿಲ್ಲ. ಅದಕ್ಕೆ ಓಲೆಗರಿ ಬೇಕು, ಲೈಬ್ರರಿ ಬೇಕು, ತಿಂಗಳ ಸಂಬಳ ಬೇಕು, ಪಕ್ಕದ ಕೋಣೆಯಲ್ಲಿ ಜಗಳ ಆಡೋಕೆ ಇನ್ನೊಬ್ಬ ಪಂಡಿತ ಬೇಕು. ವಿಶ್ವವಿದ್ಯಾನಿಲಯ ಅಂತ ಒಂದು ಇದ್ದದ್ದಕ್ಕೇ ಕನ್ನಡಕ್ಕೆ ಸಿಕ್ಕಿದ್ದು ಈ ಕೆಲಸ. ಅದನ್ನೇ ನಾವು ಮರೆತಿದ್ದೇವೆ.

ಒಂದು ಉದಾಹರಣೆ. ಡಿ. ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ'. 1971ರಲ್ಲಿ ವಿವಿಯೇ ಪ್ರಕಟಿಸಿತು. ಆ ವರ್ಷವೇ ಡಿ.ಎಲ್.ಎನ್ ತೀರಿಕೊಂಡರು. ಪಂಪನ ಒಂದು ಪದ್ಯ ಎದುರಿಗಿಟ್ಟುಕೊಂಡು ಈ ಪುಸ್ತಕ ತೆರೆಯಿರಿ. ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಳಗನ್ನಡ ಎಂ.ಎ. ಮಾಡದವರೂ ಪಂಪನನ್ನು ಓದಬಹುದು ಅಂತ ನಾನು ಧೈರ್ಯವಾಗಿ ಹೇಳುವುದು ಈ ಪುಸ್ತಕದ ಬಲದ ಮೇಲೆ. ಅವರೇ 1949ರಲ್ಲಿ 'ವಡ್ಡಾರಾಧನೆ'ಯನ್ನೂ ಸಂಪಾದಿಸಿ ಕೊಟ್ಟರು. ನಮ್ಮ ಮೊದಮೊದಲ ಗದ್ಯ ಕಥೆಗಳು ಅವು.

ನಿಮಗೆ ಗೊತ್ತಿರುವ ಇಂಥ ಪುಸ್ತಕ ಹೇಳಿ. ಕಥೆ, ಕವಿತೆಯೂ ಆಗಬಹುದು. ಸುಮ್ನೆ ಹೆಸರು ಹಾಕಬೇಡಿ, ಯಾಕೆ ಓದಬೇಕು ಅಂತಲೂ ಬರೆಯಿರಿ.

ಇತಿಹಾಸದ ಮೇಷ್ಟ್ರು:

ಒಳ್ಳೆ ವಿಷಯ ಎತ್ತಿದಿರಿ. ಇತಿಹಾಸದ ಕಡೆಯಿಂದ ನಾನು ಸೇರಿಸುತ್ತೇನೆ.

ಎಲ್ಲರಿಗೂ ಗೊತ್ತಿರುವುದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಓರಿಯಂಟಲ್ ಲೈಬ್ರರಿ 1891ರಲ್ಲಿ ಆರಂಭವಾಯಿತು, 1916ರಲ್ಲಿ ವಿವಿಗೆ ಸೇರಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ತಂದುಕೊಟ್ಟ ಓಲೆಗರಿಗಳಲ್ಲಿ, ಗ್ರಂಥ ಲಿಪಿಯಲ್ಲಿ, ಈ ಕೃತಿ ಇತ್ತು. ಅದು ಏನು ಅಂತ 1905ರಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಅಲ್ಲಿಯವರೆಗೆ ಕೌಟಿಲ್ಯನ ಗ್ರಂಥ ಬೇರೆಯವರು ಅಲ್ಲಲ್ಲಿ ಉದ್ಧರಿಸಿದ ಸಾಲುಗಳಲ್ಲಿ ಮಾತ್ರ ಇತ್ತು. ಇವತ್ತು ಭಾರತದ ಯಾವ ಮೂಲೆಯಲ್ಲಿ ರಾಜ್ಯಶಾಸ್ತ್ರ ಓದಿದರೂ ಮೈಸೂರಿನ ಆ ಕಟ್ಟಡದ ಋಣ ಇದ್ದೇ ಇದೆ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಎಂ. ಎಚ್. ಕೃಷ್ಣ ಅವರ ಕೆಲಸ. ಮಹಾರಾಜ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು, ಪುರಾತತ್ವ ಇಲಾಖೆಯನ್ನೂ ನೋಡಿಕೊಳ್ಳುತ್ತಿದ್ದರು. ಬೇಲೂರು ಹತ್ತಿರದ ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಅವರೇ. ಹದಿನಾರು ಸಾಲಿನ ಕಲ್ಲು. ಕನ್ನಡದ ಹಳಮೆಯ ಮಾತು ಬಂದಾಗಲೆಲ್ಲ ಅದನ್ನು ಎತ್ತುತ್ತೇವೆ. ಓದಿ ವರದಿ ಬರೆದವರ ಹೆಸರು ಎಷ್ಟು ಜನ ಹೇಳುತ್ತಾರೆ?

ಇನ್ನೊಂದು ಪುಸ್ತಕವನ್ನು ನಾನು ಎಲ್ಲರಿಗೂ ಒತ್ತಾಯ ಮಾಡಿ ಓದಿಸುತ್ತೇನೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. 1966ರದು, ಮೈಸೂರಿನ ಪ್ರಕಟಣೆ. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಹಿಡಿದು ಜನ ಹೇಗೆ ಬದುಕುತ್ತಿದ್ದರು ಅಂತ ಕಟ್ಟಿಕೊಡುತ್ತದೆ. ರಾಜರ ಪಟ್ಟಿ ಅಲ್ಲ. ವೀರಗಲ್ಲು, ದಾನ, ಅಗ್ರಹಾರ, ಕೆರೆ, ತುರುಗೋಳ್. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲು ನಮ್ಮೂರ ಹೊಲದಲ್ಲೂ ಇದೆ. ಈ ಪುಸ್ತಕ ಓದಿದ ಮೇಲೆ ಅದರ ಮುಂದೆ ಸುಮ್ಮನೆ ಹಾದುಹೋಗಲು ನನಗೆ ಆಗಿಲ್ಲ.

ಸಂಶೋಧನಾ ವಿದ್ಯಾರ್ಥಿನಿ:

ನಾನು ಈಗ ಪಿಎಚ್.ಡಿ. ಮಾಡುತ್ತಿದ್ದೇನೆ, ಯಾವ ವಿವಿ ಅಂತ ಹೇಳುವುದಿಲ್ಲ. ನೀವಿಬ್ಬರೂ ಬರೆದದ್ದು ಓದಿ ಖುಷಿಯಾಯಿತು, ಜೊತೆಗೆ ಸಿಟ್ಟೂ ಬಂತು.

ಯಾಕೆ ಅಂದರೆ ಆ ಕಾಲದ ಮಾತು ಚೆಂದ. ಈಗ ನಮಗೆ ಹೇಳುವುದು, ಇಷ್ಟು ಲೇಖನ ಪ್ರಕಟ ಮಾಡಿ, ಇಷ್ಟು ಸೆಮಿನಾರ್ ಸರ್ಟಿಫಿಕೇಟ್ ತನ್ನಿ ಅಂತ. ದುಡ್ಡು ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳಿವೆ. ಒಂದು ಹಸ್ತಪ್ರತಿ ಹಿಡಿದು ಹತ್ತು ವರ್ಷ ಕೂತರೆ ಅಂಕ ಎಲ್ಲಿ ಸಿಗುತ್ತದೆ? ಬಡ್ತಿ ಯಾರು ಕೊಡುತ್ತಾರೆ? ಅತಿಥಿ ಉಪನ್ಯಾಸಕರಾಗಿ ದುಡಿಯುವ ನನ್ನ ಗೆಳತಿಯರಿಗೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಅದೇ ಗೊತ್ತಿಲ್ಲ. ಡಿ.ಎಲ್.ಎನ್ ಥರದ ಕೆಲಸ ಬೇಕು ಅಂದರೆ ಡಿ.ಎಲ್.ಎನ್‌ಗೆ ಇದ್ದ ನೆಮ್ಮದಿಯೂ ಬೇಕು. ಇದನ್ನು ಹೇಳದೆ ಹಳೆಯವರನ್ನು ಹೊಗಳಿದರೆ ಈಗಿನವರಿಗೆ ಅನ್ಯಾಯ.

ಇನ್ನೊಂದು ಮಾತು. ಇಲ್ಲಿಯವರೆಗೆ ಬಂದ ಹೆಸರುಗಳಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ.

ಗಂಗೋತ್ರಿಯ ಹಳೇ ವಿದ್ಯಾರ್ಥಿ:

@ಸಂಶೋಧನಾ ವಿದ್ಯಾರ್ಥಿನಿ, ನೆಮ್ಮದಿಯ ಮಾತು ನೂರಕ್ಕೆ ನೂರು ಸರಿ. ನಾನು ಸಂಬಳ, ಲೈಬ್ರರಿ ಅಂದದ್ದೂ ಅದಕ್ಕೇ. ಒಂದು ಮಾತು ಸೇರಿಸುತ್ತೇನೆ. ಆಗ ಪಾಠಕ್ಕೂ ಪುಸ್ತಕಕ್ಕೂ ನಡುವೆ ಗೋಡೆ ಇರಲಿಲ್ಲ. ಎಂ. ಹಿರಿಯಣ್ಣನವರು ಮಹಾರಾಜ ಕಾಲೇಜಿನಲ್ಲಿ ವರ್ಷಗಟ್ಟಲೆ ಮಾಡಿದ ಪಾಠಗಳೇ 1932ರಲ್ಲಿ ಲಂಡನ್ನಿನಿಂದ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಆಗಿ ಬಂದವು. ಮುನ್ನುಡಿಯಲ್ಲಿ ಅವರೇ ಹಾಗೆ ಬರೆದಿದ್ದಾರೆ. ಇವತ್ತಿಗೂ ಅದು ಪಠ್ಯಪುಸ್ತಕ. ವೈಶೇಷಿಕ, ಮೀಮಾಂಸೆ ಥರದ ದರ್ಶನಗಳು ಅಂದರೆ ಹೆದರುವವರು ಅದರ ಒಂದು ಅಧ್ಯಾಯ ಓದಿ ನೋಡಬೇಕು. ಒಂದು ವಾಕ್ಯವೂ ಜಾಸ್ತಿ ಇಲ್ಲ.

ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಕೂಡ ಅಂಥದೇ. 1953. ರಸ, ಧ್ವನಿ, ಔಚಿತ್ಯವನ್ನು ಕನ್ನಡದ ಹುಡುಗನಿಗೆ ಕನ್ನಡದಲ್ಲೇ ಹೇಳಿಕೊಡಬೇಕು ಅನ್ನುವ ಹಟ ಪ್ರತಿ ಪುಟದಲ್ಲೂ ಕಾಣುತ್ತದೆ.

ಹಾಸನದ ಓದುಗಿ:

ಹೆಣ್ಣುಮಕ್ಕಳ ಮಾತು ಬಂತಲ್ಲ, ಅದಕ್ಕೆ ನಾನು ಬರೆಯುತ್ತೇನೆ.

ತ್ರಿವೇಣಿ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಅವರ ಕಾದಂಬರಿಗಳನ್ನು ಹೆಂಗಸರ ಮನರಂಜನೆ ಅಂತ ಬದಿಗೆ ತಳ್ಳಿದವರು ಬೇಕಾದಷ್ಟು ಜನ. ಆದರೆ 'ಶರಪಂಜರ' ನೋಡಿ. ಬಾಣಂತನದ ನಂತರ ಮನಸ್ಸು ಕೆಟ್ಟ ಹೆಂಗಸು ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರು, ನೆರೆಯವರು ಅವಳನ್ನು ಹುಚ್ಚಿ ಅಂತಲೇ ನೋಡುತ್ತಾರೆ. ರೋಗ ವಾಸಿಯಾದರೂ ಜನರ ಕಣ್ಣು ವಾಸಿಯಾಗುವುದಿಲ್ಲ. ಅರವತ್ತರ ದಶಕದ ಆರಂಭದಲ್ಲಿ ಇದನ್ನು ಬರೆಯಲು ಕ್ಲಾಸಿನಲ್ಲಿ ಕಲಿತದ್ದೂ ಬೇಕಿತ್ತು, ಹೆಣ್ಣಿನ ಕಣ್ಣೂ ಬೇಕಿತ್ತು. 1963ರಲ್ಲಿ ತೀರಿಹೋದರು, ಇನ್ನೂ ಚಿಕ್ಕ ವಯಸ್ಸು.

ಆಮೇಲೆ ವಿಜಯಾ ದಬ್ಬೆ. ಮೈಸೂರು ವಿವಿಯ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದರು. 'ಇರುತ್ತವೆ' ಅನ್ನುವ ಕವನ ಸಂಕಲನ, 'ನಾರಿ ದಾರಿ ದಿಗಂತ' ಅನ್ನುವ ಲೇಖನಗಳು. ಹಳಗನ್ನಡದ ಕವಿ ನಾಗಚಂದ್ರನ ಮೇಲೆ ಸಂಶೋಧನೆ ಮಾಡಿದವರೇ ಮೈಸೂರಿನಲ್ಲಿ 'ಸಮತಾ' ಅಂತ ಹೆಂಗಸರ ಸಂಘಟನೆಯಲ್ಲೂ ದುಡಿದರು. ನಂಜನಗೂಡು ತಿರುಮಲಾಂಬ ಅವರಂಥ ಹಿಂದಿನ ಲೇಖಕಿಯರನ್ನು ಹುಡುಕಿ ತೆಗೆದು, ಇವರೂ ಬರೆದಿದ್ದರು ನೋಡಿ ಅಂತ ನಮ್ಮ ಮುಂದೆ ಇಟ್ಟವರು. ಇವತ್ತು ಕನ್ನಡದಲ್ಲಿ ಸ್ತ್ರೀವಾದಿ ವಿಮರ್ಶೆ ಅಂತ ಒಂದು ದಾರಿ ಇದ್ದರೆ ಅದರ ಮೊದಲ ಹೆಜ್ಜೆಗಳಲ್ಲಿ ಅವರದೂ ಇದೆ.

ಕಮಲಾ ಹಂಪನಾ ಅವರನ್ನೂ ಬಿಡಬೇಡಿ. ಜೈನ ಸಾಹಿತ್ಯ, ಗ್ರಂಥ ಸಂಪಾದನೆ ಅಂದರೆ ಗಂಡಸರ ಕೆಲಸ ಅನ್ನುವ ಕಾಲದಲ್ಲಿ ಅದರೊಳಗೇ ಹೋಗಿ ಕೂತವರು. 2003ರಲ್ಲಿ ಮೂಡುಬಿದಿರೆಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು.

ಇಂಗ್ಲಿಷ್ ಡಿಪಾರ್ಟ್‌ಮೆಂಟಿನವನು:

ಮೂಲ ಪೋಸ್ಟಿನ ವಾದಕ್ಕೆ ನನ್ನ ಹತ್ತಿರ ಒಂದು ಗಟ್ಟಿ ಪುರಾವೆ ಇದೆ.

ಎ. ಕೆ. ರಾಮಾನುಜನ್ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರು. ಆಮೇಲೆ ಶಿಕಾಗೋದಲ್ಲಿ ಪ್ರೊಫೆಸರ್. 1973ರಲ್ಲಿ ಅವರ 'ಸ್ಪೀಕಿಂಗ್ ಆಫ್ ಶಿವ' ಬಂತು. ಬಸವಣ್ಣ, ದಾಸಿಮಯ್ಯ, ಅಕ್ಕ, ಅಲ್ಲಮರ ವಚನಗಳನ್ನು ಜಗತ್ತು ಓದಿದ್ದು ಆ ಪುಸ್ತಕದಿಂದ. ಎಲ್ಲರೂ ರಾಮಾನುಜನ್ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೆ ಅವರು ಯಾವ ಪುಸ್ತಕ ಇಟ್ಟುಕೊಂಡು ಅನುವಾದ ಮಾಡಿದರು? ಟಿಪ್ಪಣಿಗಳಲ್ಲಿ ಅವರೇ ಹೇಳಿದ್ದಾರೆ. ಬಸವಣ್ಣನಿಗೆ ಧಾರವಾಡದ ಎಸ್. ಎಸ್. ಬಸವನಾಳರ ಆವೃತ್ತಿ. ಅಕ್ಕನಿಗೆ, ಅಲ್ಲಮನಿಗೆ ಎಲ್. ಬಸವರಾಜು ಅವರದು.

ಬಸವರಾಜು ಮೈಸೂರು ವಿವಿಯ ಕನ್ನಡ ಮೇಷ್ಟ್ರು. 'ಅಲ್ಲಮನ ವಚನ ಚಂದ್ರಿಕೆ' 1960ರದು. ತಾಳೆಗರಿಯಲ್ಲಿ ವಚನಗಳಿಗೆ ಸಾಲು ಒಡೆದಿರುವುದಿಲ್ಲ, ವಿರಾಮ ಇರುವುದಿಲ್ಲ. ಪ್ರತಿಯಿಂದ ಪ್ರತಿಗೆ ಪಾಠ, ಅಂದರೆ ಬರೆದಿರುವ ಮಾತು, ಬೇರೆ. ಯಾವ ಮಾತು ಅಲ್ಲಮನದು, ಯಾವುದನ್ನು ಮುಂದೆ ಯಾರೋ ಸೇರಿಸಿದರು ಅಂತ ಒಬ್ಬ ಮನುಷ್ಯ ಕೂತು ತೀರ್ಮಾನ ಮಾಡಬೇಕು. ಆ ತೀರ್ಮಾನಗಳ ಮೇಲೆ ನಿಂತು ರಾಮಾನುಜನ್ ಕವಿತೆ ಬರೆದರು. ಸಂಪಾದಕ ಇಲ್ಲದಿದ್ದರೆ ಅನುವಾದಕ ಇಲ್ಲ.

ಅದೇ ರಾಮಾನುಜನ್ 1976ರಲ್ಲಿ 'ಸಂಸ್ಕಾರ'ವನ್ನು ಇಂಗ್ಲಿಷಿಗೆ ತಂದರು. ಬರೆದ ಅನಂತಮೂರ್ತಿಯೂ ಮೈಸೂರಿನಲ್ಲೇ ಇಂಗ್ಲಿಷ್ ಓದಿ ಅಲ್ಲೇ ಪಾಠ ಮಾಡಿದವರು. ಬರೆದದ್ದು ಮಾತ್ರ ಬರ್ಮಿಂಗ್‌ಹ್ಯಾಮ್‌ನಲ್ಲಿ, ಪಿಎಚ್.ಡಿ. ಮಾಡುತ್ತಿದ್ದಾಗ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರದು ಬೇರೆಯದೇ ಕಥೆ. ಅವರೂ ಮೈಸೂರಿನ ವಿದ್ಯಾರ್ಥಿ. 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ಹದಿನೆಂಟು ವರ್ಷ ತಿದ್ದಿ ತೀಡಿ ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು. ನೆನಪಿನಿಂದಲೇ ಬರೆಯಿರಿ ಅಂತ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಹೇಳಿದರು. ಹಾಗೆ ಬಂದದ್ದು 1976ರ 'ದಿ ರಿಮೆಂಬರ್ಡ್ ವಿಲೇಜ್'. ಊರ ಪಟೇಲ, ದಾಯಾದಿ ಜಗಳ, ಗದ್ದೆ, ನೀರು, ಎಲ್ಲ ಇದೆ. ಮೈಸೂರು ಸೀಮೆಯ ಹಳ್ಳಿಯಲ್ಲಿ ಹುಟ್ಟಿದವರು ಓದಿದರೆ ಪ್ರತಿ ಪುಟದಲ್ಲೂ ಯಾರೋ ಪರಿಚಯದವರು ಸಿಗುತ್ತಾರೆ.

ಧಾರವಾಡದಾಕಿ:

ಎಲ್ಲಾ ಮೈಸೂರೇ ಆಯ್ತಲ್ಲ! ಬಸವನಾಳರ ಹೆಸರು ಬಂದಿದ್ದಕ್ಕೆ ಸಮಾಧಾನ ಆತು, ಆದರೆ ಕರ್ನಾಟಕ ವಿಶ್ವವಿದ್ಯಾಲಯವನ್ನೂ ಸ್ವಲ್ಪ ನೆನಸಿರಿ.

ಎಂ. ಎಂ. ಕಲಬುರ್ಗಿ ಇಲ್ಲಿಯವರು. 'ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ' ಅವರ ಪಿಎಚ್.ಡಿ. 'ಮಾರ್ಗ' ಸಂಪುಟಗಳಲ್ಲಿ ಅವರ ನೂರಾರು ಲೇಖನಗಳಿವೆ. ನಾಲ್ಕನೇ ಸಂಪುಟಕ್ಕೆ 2006ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ಊರಿನ ಹೆಸರು, ಒಂದು ಶಾಸನದ ಪದ ಹಿಡಿದು ಎಲ್ಲೆಲ್ಲಿಗೋ ಕರಕೊಂಡು ಹೋಗುತ್ತಾರೆ. ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೂ ಅವರೇ ಪ್ರಧಾನ ಸಂಪಾದಕರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಬಾಗಿಲಲ್ಲೇ ಗುಂಡೇಟಿಗೆ ಬಲಿಯಾದರು. ಸಂಶೋಧನೆ ಅಂದರೆ ಯಾರಿಗೂ ಬೇಡವಾದ ಒಣ ಕೆಲಸ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅದಕ್ಕೆ ಜೀವ ತೆತ್ತವರಿದ್ದಾರೆ.

ಗಿರೀಶ ಕಾರ್ನಾಡ್ ಇಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. 'ಯಯಾತಿ' 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದಲೇ ಬಂತು. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದವರು. 'ಜೋಕುಮಾರಸ್ವಾಮಿ' ನೋಡಿದರೆ ಆ ಬಯಲಾಟ ಎಲ್ಲಿ ಮುಗಿದು ಅವರ ನಾಟಕ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಸಂಶೋಧನೆ ಬೇರೆ, ಸೃಷ್ಟಿ ಬೇರೆ ಅನ್ನುವವರು ಅದನ್ನೊಮ್ಮೆ ನೋಡಬೇಕು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದಾಗ ಮೊದಲ ಕುಲಪತಿಯೂ ಅವರೇ.

ಇತಿಹಾಸದ ಮೇಷ್ಟ್ರು:

@ಧಾರವಾಡದಾಕಿ, ತಕರಾರೇ ಇಲ್ಲ. ತೀನಂಶ್ರೀ ಕೂಡ ಕೆಲವು ವರ್ಷ ನಿಮ್ಮೂರಲ್ಲಿ ಪಾಠ ಮಾಡಿದವರು.

ವಿಜ್ಞಾನದ ಹುಚ್ಚ:

ಕನ್ನಡ, ಇತಿಹಾಸ, ಇಂಗ್ಲಿಷ್ ಎಲ್ಲ ಆಯಿತು. ವಿಜ್ಞಾನದವರು ಏನೂ ಬರೆಯಲಿಲ್ಲವೇ?

ಬೆಳ್ಳಾವೆ ವೆಂಕಟನಾರಣಪ್ಪ ಅಂತ ಇದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಆ ಕಾಲೇಜು ಆಗ ಮೈಸೂರು ವಿವಿಗೇ ಸೇರಿತ್ತು. 1918ರ ಹೊತ್ತಿಗೆ ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ಸೇರಿ 'ವಿಜ್ಞಾನ' ಅಂತ ಕನ್ನಡ ಮಾಸಪತ್ರಿಕೆ ತಂದರು. ವಿಜ್ಞಾನಕ್ಕೇ ಅಂತ ಒಂದು ಕನ್ನಡ ಪತ್ರಿಕೆ, ಅದೂ ಅಷ್ಟು ಹಿಂದೆ! ಬೇಕಾದ ಪದಗಳನ್ನು ಕಟ್ಟಿಕೊಳ್ಳುತ್ತಲೇ ಬರೆಯಬೇಕಿತ್ತು. ಬಹಳ ಕಾಲ ನಡೆಯಲಿಲ್ಲ, ಆದರೆ ದಾರಿ ಬಿತ್ತು.

ಪೋಸ್ಟ್ ಹಾಕಿದವರು ಪಂಪನಿಂದ ಶುರು ಮಾಡಿದರಲ್ಲ, ಅವರಿಗೆ ಇದು ಇಷ್ಟವಾಗಬಹುದು. 1931ರಲ್ಲಿ ಸಾಹಿತ್ಯ ಪರಿಷತ್ತು ತಂದ 'ಪಂಪಭಾರತ'ದ ಪರಿಷ್ಕೃತ ಆವೃತ್ತಿಯ ಸಂಪಾದಕರು ಇದೇ ವೆಂಕಟನಾರಣಪ್ಪ. ಭೌತಶಾಸ್ತ್ರದ ಮೇಷ್ಟ್ರು ಪಂಪನ ಪಾಠ ತಿದ್ದುತ್ತಿದ್ದರು. ನನ್ನಂಥ ಎಂಜಿನಿಯರಿಂಗ್ ಓದಿದವನಿಗೆ ಇದಕ್ಕಿಂತ ದೊಡ್ಡ ಸ್ಫೂರ್ತಿ ಬೇರೆ ಇಲ್ಲ.

ಗಂಗೋತ್ರಿಯ ಹಳೇ ವಿದ್ಯಾರ್ಥಿ:

ಇಷ್ಟವಾಯಿತು, ತುಂಬಾ. ಸೆಂಟ್ರಲ್ ಕಾಲೇಜು ಅಂದ ಮೇಲೆ ಎ. ಆರ್. ಕೃಷ್ಣಶಾಸ್ತ್ರಿಗಳನ್ನು ಬಿಡುವ ಹಾಗಿಲ್ಲ. ಅಲ್ಲಿ ಕರ್ಣಾಟಕ ಸಂಘ ಕಟ್ಟಿ 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಶುರು ಮಾಡಿದರು. ಮುಂದೆ ಅದು ವಿವಿಯ ಪತ್ರಿಕೆಯೇ ಆಯಿತು. ಹೊಸಗನ್ನಡದ ದೊಡ್ಡವರು ಅನೇಕರು ಚಿಕ್ಕವರಿದ್ದಾಗ ಬರೆದದ್ದು ಅದರಲ್ಲಿ. ಶಾಸ್ತ್ರಿಗಳ 'ವಚನಭಾರತ'ವನ್ನು ಮಕ್ಕಳ ಕೈಗೆ ಕೊಡಿ, ಇಡೀ ಮಹಾಭಾರತ ಒಂದೇ ಪುಸ್ತಕದಲ್ಲಿ, ತಿಳಿಗನ್ನಡದಲ್ಲಿದೆ.

ಕುವೆಂಪು ಬಗ್ಗೆಯೂ ಒಂದು ಮಾತು. ಕನ್ನಡ ಎಂ.ಎ. ಮಹಾರಾಜ ಕಾಲೇಜಿನಲ್ಲಿ 1927ರಲ್ಲಿ ಶುರುವಾಯಿತು. ಕುವೆಂಪು ಮೊದಲ ತಂಡದವರು. ಮೇಷ್ಟ್ರು ಟಿ. ಎಸ್. ವೆಂಕಣ್ಣಯ್ಯ. ಇಪ್ಪತ್ತು ವರ್ಷ ಕಳೆದ ಮೇಲೆ ಬಂದ 'ಶ್ರೀ ರಾಮಾಯಣ ದರ್ಶನಂ' ಅರ್ಪಣೆಯಾಗಿರುವುದು ಆ ವೆಂಕಣ್ಣಯ್ಯನವರಿಗೇ. ಆಗ ಮೇಷ್ಟ್ರು ಬದುಕಿರಲಿಲ್ಲ. ಕಾವ್ಯದ ಮೊದಲಲ್ಲಿರುವ ಆ ಅರ್ಪಣೆಯ ಪದ್ಯವನ್ನು ಓದಿ. ವೆಂಕಣ್ಣಯ್ಯ ಬರೆದದ್ದು ಕಡಿಮೆ. ಆದರೆ ಶಿಷ್ಯನ ಪುಸ್ತಕದಲ್ಲಿ ಅವರಿದ್ದಾರೆ. ಇದನ್ನು ಯಾವ ಅಂಕಪಟ್ಟಿಯಲ್ಲಿ ಬರೆಯುವುದು?

ಕೋಲಾರದ ಹುಡುಗ:

ಹಾಗಾದರೆ ಇದನ್ನೂ ಸೇರಿಸಿ. ಬೆಂಗಳೂರು ವಿವಿಯಲ್ಲಿ ಓದಿ ಅಲ್ಲೇ ಮೇಷ್ಟ್ರಾದವರು ಸಿದ್ಧಲಿಂಗಯ್ಯ. 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಅವರ ಹಾಡುಗಳನ್ನು ನಮ್ಮ ಕಡೆ ಮೆರವಣಿಗೆಯಲ್ಲಿ ಹಾಡುತ್ತಾರೆ, ಪುಸ್ತಕ ನೋಡದವರಿಗೂ ಬಾಯಿಗೆ ಬರುತ್ತವೆ. ಅವರು ಸಂಶೋಧನೆಗೆ ಆರಿಸಿಕೊಂಡದ್ದು ಗ್ರಾಮದೇವತೆಗಳನ್ನು. ಮಾರಮ್ಮ, ಮುನೇಶ್ವರ ಇವರೆಲ್ಲ ವಿಶ್ವವಿದ್ಯಾಲಯದ ಒಳಗೆ ಬಂದದ್ದು ಇಂಥವರ ಕೈಹಿಡಿದು. ಮೈಸೂರು ವಿವಿಯಲ್ಲಿದ್ದ ಅರವಿಂದ ಮಾಲಗತ್ತಿ 1994ರಲ್ಲಿ 'ಗೌರ್ಮೆಂಟ್ ಬ್ರಾಹ್ಮಣ' ಬರೆದರು. ದಲಿತನೊಬ್ಬ ಕನ್ನಡದಲ್ಲಿ ತನ್ನ ಬದುಕನ್ನು ತಾನೇ ಬರೆದುಕೊಂಡದ್ದು ಅದೇ ಮೊದಲು.

ಸಂಪಾದನೆ, ನಿಘಂಟು ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಅಲ್ಲಿ ಉಳಿದದ್ದು ಬರೆಯಲು ಬರುತ್ತಿದ್ದವರ ಮಾತು ಮಾತ್ರ. ನಮ್ಮ ಅಜ್ಜಿಯಂದಿರ ಹಾಡು ತಾಳೆಗರಿಯಲ್ಲಿ ಇರಲಿಲ್ಲ. ಅದಕ್ಕೇ ನನಗೆ ಜೀ. ಶಂ. ಪರಮಶಿವಯ್ಯ ಮುಖ್ಯ ಅನಿಸುತ್ತಾರೆ. ಹಳ್ಳಿಹಳ್ಳಿ ಸುತ್ತಿ ವೃತ್ತಿಗಾಯಕರ ಕಾವ್ಯಗಳನ್ನು ಬರೆದುಕೊಂಡು ಬಂದರು. ಮೈಸೂರು ವಿವಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದ್ದರಲ್ಲೂ ಅವರ ಕೈ ಇದೆ. ಅರಮನೆಯಂಥ ಕಟ್ಟಡದಲ್ಲಿ ನೇಗಿಲು, ಕೂರಿಗೆ, ಸೋಮನ ಕುಣಿತದ ಮುಖವಾಡ!

ಗಂಗೋತ್ರಿಯ ಹಳೇ ವಿದ್ಯಾರ್ಥಿ:

@ಕೋಲಾರದ ಹುಡುಗ, ಈ ಮಾತು ಬೇಕಾಗಿತ್ತು. ಜೀಶಂಪ ಮಾಡಿದ್ದೂ ಸಂಪಾದನೆಯೇ, ಓಲೆಗರಿ ಬದಲು ಮನುಷ್ಯರ ಕಂಠ ಇತ್ತು ಅಷ್ಟೇ. ಕಷ್ಟ ಅದಕ್ಕೇ ಜಾಸ್ತಿ.

ಅಮೆರಿಕದಲ್ಲಿರುವ ಕನ್ನಡಿಗ:

ಎಲ್ಲ ಸರಿ, ಈ ಪುಸ್ತಕಗಳು ಸಿಗುವುದೆಲ್ಲಿ? ಊರಿಗೆ ಬಂದಾಗಲೆಲ್ಲ ಕೇಳುತ್ತೇನೆ, ಪ್ರತಿ ಮುಗಿದಿದೆ ಅಂತಾರೆ.

ಪುಸ್ತಕದಂಗಡಿ ಸುತ್ತುವವನು:

ಮೊದಲು ಪ್ರಸಾರಾಂಗಗಳನ್ನು, ಅಂದರೆ ವಿವಿಗಳ ಪ್ರಕಟಣಾ ವಿಭಾಗಗಳನ್ನು, ವಿಚಾರಿಸಿ. ಮೈಸೂರು, ಧಾರವಾಡ, ಬೆಂಗಳೂರು, ಹಂಪಿ, ಎಲ್ಲ ಕಡೆ ಇವೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಇರುವಾಗ ಹೋದರೆ ಒಳ್ಳೇದು. ಹಳೇ ದಾಸ್ತಾನು ಹೊರಗೆ ಬರುತ್ತದೆ. ಹಂಪಿಯವರ ಪುಸ್ತಕಗಳು ಸಮ್ಮೇಳನದ ಮಳಿಗೆಗಳಲ್ಲೂ ಸಿಗುತ್ತವೆ.

ಅಲ್ಲಿ ಇರುವವರಿಗೆ ಇಂಟರ್ನೆಟ್ಟೇ ಗತಿ. ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ತುಂಬಾ ಇವೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಬೇರೆಬೇರೆ ಥರ ಟೈಪ್ ಮಾಡಿ ಹುಡುಕಿ. ಮೈಸೂರು ವಿವಿಯ 'ಕನ್ನಡ ವಿಶ್ವಕೋಶ' ಇದೆಯಲ್ಲ, ಹದಿನಾಲ್ಕು ಸಂಪುಟ, ಮೊದಲನೆಯದು 1969ರಲ್ಲಿ ಬಂತು. ಅದರ ಕೆಲವು ಸಂಪುಟಗಳನ್ನು 2014ರಲ್ಲಿ ವಿವಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು. ಕನ್ನಡ ವಿಕಿಸೋರ್ಸ್‌ನಲ್ಲಿ ಓದಬಹುದು. ಬೇರೆ ವಿವಿಗಳೂ ಹೀಗೇ ಮಾಡಬೇಕು. ಮರುಮುದ್ರಣ ಮಾಡಲು ಆಗದ ಪುಸ್ತಕವನ್ನು ಗೋದಾಮಿನಲ್ಲಿ ಗೆದ್ದಲಿಗೆ ಬಿಡುವುದರಲ್ಲಿ ಯಾರಿಗೂ ಲಾಭ ಇಲ್ಲ.

ಸಂಶೋಧನಾ ವಿದ್ಯಾರ್ಥಿನಿ:

ಎಲ್ಲ ಓದಿದೆ. ಮೊದಲು ಬರೆದ ಮಾತಿಗೆ ಈಗಲೂ ಬದ್ಧಳಾಗಿದ್ದೇನೆ. ನೆಮ್ಮದಿ ಕೊಡದೆ ಇಂಥ ಕೆಲಸ ಕೇಳಬಾರದು. ಆದರೆ ನನ್ನ ಗೈಡ್ ಹತ್ತಿರ ವಾದ ಮಾಡಲು ಈಗ ಒಳ್ಳೆಯ ಸರಕು ಸಿಕ್ಕಿತು. ಬಸವರಾಜು ಮತ್ತು ರಾಮಾನುಜನ್ ಉದಾಹರಣೆಯನ್ನು ನಾಳೆಯೇ ಹೇಳುತ್ತೇನೆ.

ನನ್ನ ವಿಷಯ ಕನ್ನಡದ ಹಳೆಯ ಪತ್ರಿಕೆಗಳಲ್ಲಿ ಬಂದ ಪುಸ್ತಕ ವಿಮರ್ಶೆ. 'ಪ್ರಬುದ್ಧ ಕರ್ಣಾಟಕ'ದ 1940ರ ದಶಕದ ಸಂಚಿಕೆಗಳು ಬೇಕು. ನಮ್ಮ ಲೈಬ್ರರಿಯಲ್ಲಿ ಬೈಂಡ್ ಮಾಡುವಾಗ ಹೊದಿಕೆಯ ಪುಟ, ಜಾಹೀರಾತು ಎಲ್ಲ ಕಿತ್ತುಹಾಕಿದ್ದಾರೆ. ಯಾವ ಪುಸ್ತಕಕ್ಕೆ ಎಷ್ಟು ಬೆಲೆ, ಯಾರು ಮಾರುತ್ತಿದ್ದರು ಅನ್ನುವುದೆಲ್ಲ ಇರುತ್ತಿದ್ದದ್ದು ಆ ಪುಟಗಳಲ್ಲೇ. ಬಿಡಿ ಸಂಚಿಕೆಗಳು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ. ಕೊಡಬೇಕಾಗಿಲ್ಲ, ನಾನೇ ಬಂದು ಫೋಟೋ ತೆಗೆದುಕೊಳ್ಳುತ್ತೇನೆ.

ಹಾಸನದ ಓದುಗಿ:

ನಮ್ಮ ಸೋದರಮಾವ ಚಂದಾದಾರರಾಗಿದ್ದರು, ಒಂದು ಟ್ರಂಕು ಇದೆ. ಯಾವ ವರ್ಷದವು ಅಂತ ನೋಡಿ ಭಾನುವಾರ ಹೇಳುತ್ತೇನೆ. ಹೊದಿಕೆ ಸಮೇತ ಇವೆ.